ಸೋಮವಾರ ಮಷಿನ್ ಓಡುವುದಿಲ್ಲ

ಶ್ರೀ ದೊಡ್ಡಬಸವೇಶ್ವರ ಪ್ರಸನ್ನ

ಕೌಲ್ ಬಜಾರ್, ಬಳ್ಳಾರಿ
ಸೋಮವಾರ, 15 ಸೆಪ್ಟೆಂಬರ್ 2025

ಚಿ. ಸೌ. ಗಂಗೋತ್ರಿಗೆ,

ನಿನ್ನ ಅತ್ತೆ ಚನ್ನವೀರಮ್ಮ ಮಾಡುವ ಆಶೀರ್ವಾದ. ಸಿರುಗುಪ್ಪದಲ್ಲಿ ನೀನೂ, ನಿಮ್ಮ ಅಪ್ಪ ಕಾಡಸಿದ್ದಪ್ಪನವರೂ, ಅವ್ವ ಅಂಬಮ್ಮನವರೂ ಚೆನ್ನಾಗಿದ್ದೀರೆಂದು ಹಂಪೇಶ್ ಹೇಳಿದ. ಬೀಗರ ಕಣ್ಣಿನ ಪಟ್ಟಿ ಬಿಚ್ಚಿದ್ದಾರಂತೆ. ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖನ್ನು ಕುಂತಲ್ಲಿಂದಲೇ ಓದಿದರಂತೆ. ಅದನ್ನು ಕೇಳಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ನಾವಿಬ್ಬರೂ ಇಲ್ಲಿ ಉಂಡು ತಿಂದು ಇದ್ದೇವೆ.

ಕಾಗದ ಬರೆಯುವುದು ನನಗೆ ರೂಢಿ ಇಲ್ಲ. ಕುರುಗೋಡಿನ ಹತ್ತಿರದ ಹಳ್ಳಿ ಸಾಲಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ದುಂಡಗಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು. ಹೋದ ವಾರ ಹಂಪೇಶ್ ಸಿರುಗುಪ್ಪದಿಂದ ಬಂದವನೇ ನೀನು ಹೇಳಿದ್ದನ್ನು ಹೇಳಿದ. ‘ಅತ್ತಿ ಏನರ ಹೇಳೋದಿದ್ರ ಬರದು ಕಳಸ್ಲಿ. ಫೋನಿನ್ಯಾಗ ಅವರು ಬರೇ ಕೆಲಸ ಹೇಳ್ತಾರ’ ಅಂದಿಯಂತೆ.

ಮೊದಲು ಸಿಟ್ಟು ಬಂತು. ‘ನಾಕು ಅಕ್ಷರ ಹೆಚ್ಚಿಗಿ ಕಲ್ತಾಳಂತ ನನಗ ಪರೀಕ್ಷೆ ಇಡ್ತಾಳೇನು’ ಎಂದು ಮಗನ ಮೇಲೆ ಹಾರಾಡಿದೆ. ಅವನು ತಾಟಿನಿಂದ ತಲೆ ಎತ್ತದೆ, ‘ನೀ ಆಕಿಗೆ ಫೋನಿನ್ಯಾಗ ಏನೇನು ಮಾತಾಡಿ, ಒಂದೀಟು ನೆನಪು ಮಾಡ್ಕೋ ಯವ್ವಾ’ ಅಂದ. ನೆನಪು ಮಾಡಿಕೊಂಡೆ. ದಾರ ಬಂತಾ, ಪ್ಯಾಂಟಿನ ಲಾಟ್ ಹೋಯಿತಾ, ಝಿಪ್ಪು ಎಷ್ಟು ಉಳಿದಾವು. ಎರಡು ವರ್ಷದಲ್ಲಿ ಇಷ್ಟೇ. ಒಂದು ಸಲ ಉಂಡಿಯೇನು ಅಂತಲೂ ಕೇಳಿದ್ದೆ. ಉಂಡಿದ್ದರೆ ಬೇಗ ಕೆಳಗೆ ಬಾ ಅನ್ನುವುದಕ್ಕೆ ಕೇಳಿದ್ದು ಅದು.

ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಸೋಮವಾರ. ಹತ್ತೂ ಹೊಲಿಗೆ ಮಷಿನ್ ಬಟ್ಟೆ ಹೊದ್ದುಕೊಂಡು ಸುಮ್ಮನೆ ಕುಳಿತಿವೆ. ನಿನ್ನ ಕಟಿಂಗ್ ಟೇಬಲ್ಲಿನ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ. ಇಷ್ಟು ಅಗಲದ ಟೇಬಲ್ ಮೇಲಿನ ಮನೆಯಲ್ಲಿ ಇಲ್ಲ.

ಮೊದಲು ಸಿದ್ದಲಿಂಗೇಶನ ಸುದ್ದಿ. ನೋಡು, ಮತ್ತೆ ಕೆಲಸದಿಂದಲೇ ಶುರು ಮಾಡಿದೆ. ಆದರೆ ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮಗೆ ಬಟ್ಟೆ ಕೊಟ್ಟು ಪ್ಯಾಂಟ್ ಹೊಲಿಸಿಕೊಳ್ಳುವ ಅವನ ಕೈಗೆ ಊರ ಹೊರಗೆ ಒಂದು ಶೆಡ್ಡು ಬಂದಿದೆ. ಮೂವತ್ತು ಮಷಿನ್ ಕೂಡಿಸಿ ಇಟ್ಟಿದ್ದಾನೆ. ‘ಯಕ್ಕಾ, ನೀವು ಬಂದು ನಡಸ್ರಿ, ದೀಪಾವಳಿ ಲಾಟ್ ಪೂರ್ತಿ ನಿಮಗ’ ಎಂದು ಈ ತಿಂಗಳ ಮೊದಲ ವಾರದಲ್ಲಿ ಬಂದು ಕೇಳಿದ. ಒಂದೇ ಕರಾರು. ಏಳೂ ದಿನ ಕೆಲಸ ನಡೆಯಬೇಕು, ಸೋಮವಾರವೂ. ಹದಿಮೂರನೇ ತಾರೀಖಿನ ಒಳಗೆ ಹೂಂ ಅಥವಾ ಉಹೂಂ ಅನ್ನಬೇಕು.

ನಾನು ಆ ಶೆಡ್ಡನ್ನು ಎರಡು ಸಲ ನೋಡಿ ಬಂದೆ. ಉದ್ದಕ್ಕೆ ನಲವತ್ತೆಂಟು ಹೆಜ್ಜೆ ಇದೆ. ಮೇಲೆ ಗಾಳಿ ಆಡುವ ಕಿಟಕಿಗಳಿವೆ. ಹೆಣ್ಣುಮಕ್ಕಳಿಗೆ ಬೇರೆ ಪಾಯಿಖಾನೆ ಇದೆ. ನಿನ್ನ ಟೇಬಲ್ಲನ್ನು ಎಲ್ಲಿ ಹಾಕಬೇಕು ಅನ್ನುವುದನ್ನೂ ಮನಸ್ಸಿನಲ್ಲಿ ಗೊತ್ತು ಮಾಡಿದ್ದೆ. ನೀನು ಮನೆ ಬಿಟ್ಟು ಹೋಗಿ ಆಗ ಎರಡು ವಾರವಾಗಿತ್ತು. ಬರುತ್ತೀಯೋ ಇಲ್ಲವೋ ಎಂದು ಕೇಳದೆಯೇ ಟೇಬಲ್ ಹಾಕುತ್ತಿದ್ದೆ.

ಇನ್ನು ಶ್ರಾವಣದ ಕಡೆಯ ಸೋಮವಾರದ ಮಾತು. ನಿನಗೆ ಗೊತ್ತಿರುವುದೇ, ಆದರೂ ನಾನು ಹೇಗೆ ಕಂಡೆ ಅನ್ನುವುದನ್ನು ಬರೆಯುತ್ತೇನೆ. ಅವತ್ತು ಲಿಂಗಪೂಜೆ ಮುಗಿಸಿ, ಮಷಿನ್‌ಗಳಿಗೆಲ್ಲ ವಿಭೂತಿ ಹಚ್ಚಿ, ಆರೂವರೆ ಬಸ್ಸಿಗೆ ಕುರುಗೋಡಿನ ದೊಡ್ಡಬಸಪ್ಪನ ಗುಡಿಗೆ ಹೊರಟೆ. ಭಾನುವಾರ ಹೊಲಿದ ಇನ್ನೂರು ಪ್ಯಾಂಟಿಗೆ ಹೆಚ್ಚಿನ ದಾರದ ತುದಿ ಕತ್ತರಿಸುವುದು ಉಳಿದಿತ್ತು. ನಾಲ್ಕು ಗಂಟೆಗೆ, ಹೊಲಿದದ್ದನ್ನು ಒಗೆಯಲು ಒಯ್ಯುವ ವಾಶಿಂಗಿನ ಗಾಡಿ ಬರುವುದಿತ್ತು. ಹೊಸ್ತಿಲು ದಾಟುವಾಗ ನಿನಗೆ ಹೇಳಿದೆ: ‘ಮಷಿನ್ ಮುಟ್ಟಬ್ಯಾಡವಾ, ಸೋಮವಾರ ಐತಿ. ಕೈಯಾಗಿನ ಕೆಲಸ ಅಷ್ಟ ಮುಗಿಸು.’ ಬೀಗರು ಅವತ್ತು ಬರುವುದು ನನಗೆ ಗೊತ್ತಿರಲಿಲ್ಲ.

ಒಂದು ಗಂಟೆಗೆ ಪ್ರಸಾದ ಹಿಡಿದುಕೊಂಡು ಬಂದೆ. ನೋಡಿದರೆ ಬೀಗರು ನೆಲದ ಮೇಲೆ ನಿನ್ನ ಮಗ್ಗುಲಲ್ಲಿ ಕುಳಿತಿದ್ದಾರೆ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಧೋತ್ರ, ಹೆಗಲ ಮೇಲಿನ ಟವಲು ಮಡಿಸಿ ಪಕ್ಕಕ್ಕಿಟ್ಟಿದ್ದಾರೆ. ತೊಡೆಯ ಮೇಲೆ ಪ್ಯಾಂಟು, ಕೈಯಲ್ಲಿ ದಾರ ಕತ್ತರಿಸುವ ಕಟರ್. ಪ್ಯಾಂಟನ್ನು ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದಿದ್ದರು. ಎಷ್ಟು ಕಾಳಜಿಯಿಂದ ಮಾಡುತ್ತಿದ್ದಾರಲ್ಲ ಅಂದುಕೊಂಡೆ.

ಆಮೇಲೆ ಆ ಮಾತು ಆಡಿದೆ. ‘ಬೀಗ್ರ ಕೈ ಭಾಳ ಚುರುಕೈತಿ. ಮೊದ್ಲ ಗೊತ್ತಿದ್ರ ಹೋದ ಸೋಮವಾರನ ಕರಸ್ತಿದ್ದೆ’ ಅಂದೆ. ಅವರು ನಕ್ಕು, ‘ಮಗಳ ಮಗ್ಗಲಕ ಕುಂದ್ರಾಕ ಒಂದು ನೆಪ ಬೇಕಿತ್ರೆವ್ವಾ’ ಅಂದರು. ನೀನು ನಗಲಿಲ್ಲ. ಕೈಯಲ್ಲಿದ್ದ ಪ್ಯಾಂಟನ್ನು ಮಡಿಸಿ ಇನ್ನೊಂದು ತೆಗೆದುಕೊಂಡೆ.

ನಮ್ಮ ಪೈಕಿಯಲ್ಲಿ ಮನೆಗೆ ಬಂದ ಬೀಗರಿಗೆ ಕಾಲಿಗೆ ನೀರು ಕೊಟ್ಟು, ಜಮಖಾನೆ ಹಾಸಿ ಕೂಡಿಸುತ್ತೇವೆ. ಉಂಡ ತಾಟನ್ನೂ ಎತ್ತಗೊಡುವುದಿಲ್ಲ. ಹೆಣ್ಣು ಕೊಟ್ಟ ಮನೆಯವರನ್ನು ನೆಲಕ್ಕೆ ಕೂಡಿಸಿ ಕೆಲಸ ಹಚ್ಚಿದರು ಅಂತ ಇನ್ನೊಬ್ಬರ ಬಗ್ಗೆ ಕೇಳಿದ್ದರೆ ನಾನೇ ಓಣಿ ತುಂಬ ಆಡಿಕೊಳ್ಳುತ್ತಿದ್ದೆ. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಉಳಿದ ಪ್ಯಾಂಟಿನ ಗುಡ್ಡೆ. ಮೂರು ಗಂಟೆಗೆ ಕೆಲಸ ಮುಗಿಯಿತು. ಆಮೇಲೆ ಅವರಿಗೆ ಪ್ರಸಾದ ಕೊಟ್ಟೆ.

ಮರುದಿನ ಬೆಳಿಗ್ಗೆ ನೀನು ಅವರ ಜೊತೆ ಹೊರಟೆ. ಜಗಳ ಇಲ್ಲ, ಅಳು ಇಲ್ಲ. ಎಂಟು ದಿನ ಇದ್ದು ಬರುತ್ತಾಳೆ ಅಂದುಕೊಂಡೆ. ನಿನ್ನ ಕಟರ್ ಮೊಳೆಗೆ ತೂಗಾಡುತ್ತಿತ್ತು. ಹಿಡಿಕೆಗೆ ನೀನು ಬಟ್ಟೆಯ ಚೂರು ಸುತ್ತಿ ಗಂಟು ಹಾಕಿದ್ದೆ. ಯಾರೂ ಮುಟ್ಟಬಾರದು ಅಂತಲೋ, ಇನ್ನು ಬೇಡ ಅಂತಲೋ ನನಗೆ ತಿಳಿಯಲಿಲ್ಲ.

ಗಣೇಶನ ಹಬ್ಬದ ಮರುದಿನ ಸಿದ್ದಲಿಂಗೇಶನ ಕಡೆಯಿಂದ ಹನ್ನೊಂದು ಪ್ಯಾಂಟು ವಾಪಸ್ ಬಂದವು. ವಾಶಿಂಗಿನಿಂದ ಬಂದ ಮೇಲೆ ಅವುಗಳಲ್ಲಿ ತೂತು ಕಂಡಿವೆ. ದಾರದ ಜೊತೆ ಬಟ್ಟೆಗೂ ಕಟರಿನ ಬಾಯಿ ತಾಗಿದ್ದರೆ ಒಗೆಯುವಾಗ ಅದು ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ನಿನಗೆ ಗೊತ್ತು. ನಿನಗೆ ಫೋನ್ ಹಚ್ಚಿದೆ. ಹೋದ ಮೇಲೆ ನಾನು ನಿನಗೆ ಮಾಡಿದ ಮೊದಲ ಫೋನು ಅದು. ಹೆಂಗಿದ್ದಿ ಅಂತ ಕೇಳಲಿಲ್ಲ. ‘ಹನ್ನೊಂದು ಪ್ಯಾಂಟು ತೂತು ಬಿದ್ದಾವ. ನಿಂದಲ್ಲ ಈ ಕೈ. ನಿಮ್ಮಪ್ಪ ಕತ್ತರಿಸಿದ್ದೇನು?’ ಅಂದೆ. ನೀನು ಫೋನ್ ಇಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಇದರ ನಡುವೆ ಶೆಡ್ಡಿನ ಆಸೆ. ಸಣ್ಣ ಉದ್ಯಮದವರಿಗೆ ಮೂರು ದಿನ ತರಬೇತಿ ಇದೆ, ಸರ್ಟಿಫಿಕೇಟ್ ಇದ್ದರೆ ಮುಂದೆ ಅನುಕೂಲ ಎಂದು ಸಿದ್ದಲಿಂಗೇಶನೇ ನನ್ನ ಹೆಸರು ಬರೆಸಿದ್ದ. ಹೋದ ಮಂಗಳವಾರದಿಂದ ಗುರುವಾರದವರೆಗೆ ಹೋದೆ. ಹಪ್ಪಳ ಮಾಡುವವರು, ಬ್ಯೂಟಿ ಪಾರ್ಲರಿನವರು, ಎಮ್ಮೆ ಕಟ್ಟಿದವರು, ಹೀಗೆ ಇಪ್ಪತ್ತು ಹೆಂಗಸರು. ಕಲಿಸುವಾಕೆ ಅಕ್ಷಿತಾ ಅಂತ, ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಾವೆಲ್ಲ ಮೇಡಂ ಅಂತಲೇ ಕರೆದೆವು.

ಕಡೆಯ ದಿನ ಆಕೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ನಡುವೆ ಮಡಿಸಿ ಎಂದಳು. ಎಡಕ್ಕೆ ಮನೆ, ಬಲಕ್ಕೆ ವ್ಯಾಪಾರ. ಒಂದು ವರ್ಷದೊಳಗೆ ಏನೇನು ಆಗಬೇಕು ಅನ್ನುವುದನ್ನು ಎರಡೂ ಕಡೆ ಐದೈದು ಬರೆಯಬೇಕು. ಬರೆದ ಮೇಲೆ ಒಂದೊಂದಾಗಿ ಹೊಡೆದು ಹಾಕುತ್ತ ಬಂದು, ಎರಡೂ ಕಡೆ ಒಂದೊಂದೇ ಉಳಿಸಬೇಕು. ಕೈ ಬಿಡಲಾರದ್ದು ಯಾವುದೋ ಅದು ಉಳಿಯಬೇಕು.

ನಾನು ಎಡಕ್ಕೆ ಬರೆದೆ: ಲಿಂಗಪೂಜೆ ಒಂದು ದಿನವೂ ತಪ್ಪಬಾರದು. ಸೋಮವಾರ ಕುರುಗೋಡು ತಪ್ಪಬಾರದು. ಹಂಪೇಶನಿಗೆ ಒಂದು ಮಗುವಾಗಬೇಕು. ಮಾಳಿಗೆ ಸೋರಬಾರದು. ಮೊಣಕಾಲು ನೋವು ಹೋಗಬೇಕು. ಬಲಕ್ಕೆ ಬರೆದೆ: ಶೆಡ್ಡು. ಮೂವತ್ತು ಮಷಿನ್. ದೀಪಾವಳಿ ಲಾಟ್. ವಾಶಿಂಗಿನವರು ಹೇಳಿದ ದಿನ ಮಾಲು ಕೊಡಬೇಕು. ಗಂಗೋತ್ರಿ ವಾಪಸ್ ಬರಬೇಕು.

ಹೊಡೆದು ಹಾಕುವಾಗ ಎಡಕ್ಕೆ ಕಷ್ಟವಾಗಲಿಲ್ಲ, ಪೂಜೆ ಉಳಿಯಿತು. ಬಲಕ್ಕೆ ಲಾಟ್ ಹೊಡೆದೆ, ಮಷಿನ್ ಹೊಡೆದೆ, ಶೆಡ್ಡನ್ನೂ ಹೊಡೆದೆ. ನೀನು ಉಳಿದೆ. ನೀನು ಕತ್ತರಿಸಿ ಕೊಡುವ ಪ್ಯಾಟರ್ನ್ ಇಲ್ಲದೆ ಶೆಡ್ಡು ತೆಗೆದುಕೊಂಡು ಏನು ಮಾಡಲಿ? ಸರಿಯಾಗಿ ಬರೆದೆ ಎಂದು ನನಗೆ ಜಂಬವೇ ಬಂತು. ಮೇಡಂ ಕೈ ಎತ್ತಿ ಅಂದಾಗ ನಾನೇ ಮೊದಲು ಎತ್ತಿದೆ.

ಆಕೆ ನನ್ನ ಹಾಳೆ ಓದಿ, ‘ಗಂಗೋತ್ರಿ ಅಂದ್ರ ಯಾರ್ರಿ ಅಮ್ಮಾ? ಕಟಿಂಗ್ ಮಾಸ್ಟರ್ ಏನು?’ ಎಂದು ಕೇಳಿದಳು.

‘ಅಲ್ರಿ, ನಮ್ಮ ಸೊಸಿ’ ಅಂದೆ.

ಹಿಂದಿನಿಂದ ಹಪ್ಪಳದಾಕೆ, ‘ಯಕ್ಕಾ, ಸೊಸಿನ್ನ ತಗಂಡು ಹೋಗಿ ಸಾಮಾನಿನ ಪಟ್ಟಿಗೆ ಸೇರಿಸೀಯಲ್ಲ. ಆಕಿಗೂ ಹೊದಿಕಿ ಹಾಕಿ ಇಟ್ಟೀಯೇನು?’ ಅಂದಳು. ಇಪ್ಪತ್ತೂ ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ನಗದಿದ್ದರೆ ಇನ್ನೂ ನಗುತ್ತಾರೆ ಅಂತ. ರಬ್ಬರಿನಿಂದ ನಿನ್ನ ಹೆಸರನ್ನು ಉಜ್ಜಿ ಎಡಕ್ಕೆ ಬರೆಯಲು ಹೋದೆ. ಮೇಡಂ ನನ್ನ ಕೈ ಹಿಡಿದು ನಿಲ್ಲಿಸಿದಳು. ‘ಅಳಸಬ್ಯಾಡ್ರಿ. ಎರಡೂ ಕಡೆ ಇದ್ರ ತಪ್ಪಿಲ್ಲ. ಆದ್ರ ಎಡಕ್ಕ ಆಕಿಗೆ ನೀವು ಏನು ಕೊಟ್ಟೀರಿ, ಬಲಕ್ಕ ಏನು ಕೊಟ್ಟೀರಿ, ಅದನ್ನ ಮನಿಗೆ ಹೋಗಿ ಬರೀರಿ’ ಅಂದಳು.

ದಾರಿಯುದ್ದಕ್ಕೂ ಆಟೋದಲ್ಲಿ ಅದನ್ನೇ ಯೋಚಿಸಿದೆ. ಮನೆಯಲ್ಲಿ ನಿನಗೆ ಏನು ಕೊಟ್ಟೆ ಅಂದರೆ, ಕಾರ್ಖಾನೆಯನ್ನೇ ಕೊಟ್ಟೀನಲ್ಲ ಅನ್ನಿಸುತ್ತದೆ. ಕಾರ್ಖಾನೆಯಲ್ಲಿ ಏನು ಕೊಟ್ಟೆ ಅಂದರೆ, ಮನೆಯಾಕೆ, ಆಕೆಗೆ ಬೇರೆ ಏನು ಕೊಡುವುದು ಅನ್ನಿಸುತ್ತದೆ. ಆ ಕಡೆ ಕೇಳಿದರೆ ಈ ಕಡೆ ತೋರಿಸಿ, ಈ ಕಡೆ ಕೇಳಿದರೆ ಆ ಕಡೆ ತೋರಿಸಿ ಎರಡು ವರ್ಷ ನಡೆಸಿದ್ದೇನೆ. ಉಳಿದ ಹೆಂಗಸರು ಆರು ಗಂಟೆಗೆ ಸೆರಗು ಕೊಡವಿ ಮನೆಗೆ ಹೋಗುತ್ತಾರೆ. ನಿನಗೆ ಹೋಗಲು ಬೇರೆ ಮನೆ ಇರಲಿಲ್ಲ, ಮೇಲಿನ ಮನೆಯೂ ನನ್ನದೇ.

ಮನೆಗೆ ಬಂದು ಗಾದೆಮ್ಮನಿಗೆ ಹಪ್ಪಳದಾಕೆಯ ಮಾತು ಹೇಳಿದೆ. ಬಟನ್ ಹಚ್ಚುವ ನಮ್ಮ ಗಾದೆಮ್ಮ ಎಲ್ಲದಕ್ಕೂ ನಗುವವಳು. ಇದಕ್ಕೆ ನಗಲಿಲ್ಲ. ‘ಯಕ್ಕಾ, ಒಂದು ಮಾತು ಹೊಟ್ಟ್ಯಾಗ ಇಟ್ಕಂಡು ಸಾಕಾಗೇತಿ’ ಎಂದು ಎದುರಿಗೆ ಕುಳಿತಳು.

ಆ ಸೋಮವಾರ ಆಕೆ ಹೂವು ಕೊಡಲು ನಮ್ಮ ಮನೆಗೆ ಬಂದಿದ್ದಳಂತೆ. ಒಂಬತ್ತು ಗಂಟೆಗೆ ಬೀಗರು ಬಂದರಂತೆ. ಹತ್ತಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಚೀಟಿ ಇತ್ತಂತೆ. ನೀನು ಗುಡ್ಡೆಯ ಕಡೆ ನೋಡಿ, ‘ಅಪ್ಪಾ, ಇದು ಮುಗಿದ ಮ್ಯಾಲೆ ಹೋಗೂಣು’ ಅಂದೆಯಂತೆ. ಅವರು, ‘ಹಂಗಾರ ನನಗೂ ಒಂದು ಕೊಡು, ನಾಕು ಕೈ ಆದ್ರ ಲಗೂನ ಆಗ್ತೈತಿ’ ಎಂದು ಟವಲು ಮಡಿಸಿಟ್ಟು ಕುಳಿತರಂತೆ. ಹತ್ತಾಯಿತು, ಹನ್ನೊಂದಾಯಿತು. ನೀನು ಗಡಿಯಾರ ನೋಡಿದಾಗಲೆಲ್ಲ ಅವರು, ‘ಕಣ್ಣು ಎಲ್ಲಿ ಓಡಿ ಹೋಗ್ತಾವ ಬಿಡವಾ, ಇನ್ನೊಂದು ದಿನ ತೋರಿಸಿದ್ರಾತು’ ಅಂದರಂತೆ. ‘ಅವರಿಗೆ ದಾರ ಎಲ್ಲಿ ಕಾಣ್ತಿತ್ತು ಯಕ್ಕಾ? ಬೆರಳಿಲೆ ಸವರಿ ಸವರಿ ಕತ್ತರಸ್ತಿದ್ರು. ನಾ ನೋಡ್ಕಂತ ನಿಂತಿದ್ದೆ’ ಅಂದಳು ಗಾದೆಮ್ಮ.

ನನಗೆ ಆ ಹನ್ನೊಂದು ಪ್ಯಾಂಟು ಕಣ್ಣ ಮುಂದೆ ಬಂದವು. ನಾನು ಫೋನಿನಲ್ಲಿ ಕೇಳಿದ್ದೂ ಕಿವಿಗೆ ಬಂತು.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬೀಗರು ಅವತ್ತು ಬರುವುದು ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಶನಿವಾರ ರೊಟ್ಟಿ ಬಡಿಯುವಾಗ ನೀನು ಹೇಳಿದ್ದೆ: ‘ಅತ್ತೀ, ಸೋಮವಾರ ಅಪ್ಪ ಬರ್ತಾರ್ರಿ, ಕಣ್ಣು ತೋರಸ್ಬೇಕು, ನಾ ಸಂಗಾಟ ಹೋಗ್ಬೇಕ್ರಿ.’ ನಾನು, ‘ಹೋಗುವಂತಿ, ಮೊದ್ಲು ಲಾಟ್ ಮುಗೀಲಿ’ ಅಂದೆ. ಅದಕ್ಕೂ ಮೊದಲಿನ ಮೂರು ಸೋಮವಾರ ನೀನು ಸಿರುಗುಪ್ಪಕ್ಕೆ ಹೋಗಿ ಬರುತ್ತೇನೆಂದಾಗಲೂ ಇದನ್ನೇ ಅಂದಿದ್ದೆ. ನೀನು ಹೋಗಲಾಗದ್ದಕ್ಕೇ ಅವರು ಬಂದದ್ದು. ಕಣ್ಣು ಅಷ್ಟು ಮಂಜಾಗಿದೆ ಅನ್ನುವುದು ಗೊತ್ತಿರಲಿಲ್ಲ, ಅದೊಂದು ನಿಜ. ಉಳಿದದ್ದೆಲ್ಲ ಗೊತ್ತಿತ್ತು. ಮೇಲಿನ ಸಾಲನ್ನು ಹೊಡೆದು ಹಾಕಿಲ್ಲ. ಇರಲಿ, ನಾನು ಹೇಗೆ ಬರೆಯುತ್ತೇನೆ ಅನ್ನುವುದೂ ನಿನಗೆ ಕಾಣಲಿ.

ಇನ್ನೊಂದೂ ಇದೆ. ಹೋದ ಶುಕ್ರವಾರ ಬೀಗರ ಕಣ್ಣಿನ ಆಪರೇಶನ್ನಿಗೆ ನೀವು ಬಳ್ಳಾರಿಗೆ ಬಂದಿರಿ. ಹಂಪೇಶ್ ನಿಮ್ಮ ಜೊತೆ ಇದ್ದ. ಆಸ್ಪತ್ರೆಯಿಂದ ನಮ್ಮ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ನೀವು ಬರಲಿಲ್ಲ ಅನ್ನುವ ಮುಖ ನನಗಿಲ್ಲ. ನಾನೇ ಬರಬೇಕಿತ್ತು. ಲಾಟ್ ಹೋಗುವುದಿದೆ ಎಂದು ಹಂಪೇಶನಿಗೆ ಹೇಳಿ ಕಳಿಸಿದೆ. ಯಾವ ಲಾಟೂ ಇರಲಿಲ್ಲ. ಇಬ್ಬರು ಹೆಂಗಸರ ಮುಂದೆ ಖಾಲಿ ಮಷಿನ್‌ಗೆ ಎಣ್ಣೆ ಬಿಡುತ್ತ ಕುಳಿತಿದ್ದೆ. ನಾಚಿಕೆಗೆ ಕೆಲಸ ಅಂತ ಹೆಸರಿಟ್ಟರೆ ಯಾರೂ ಕೇಳುವುದಿಲ್ಲ ನೋಡು.

ಶನಿವಾರ ಹದಿಮೂರನೇ ತಾರೀಖು ಸಿದ್ದಲಿಂಗೇಶನ ಅಂಗಡಿಗೆ ಹೋದೆ. ಹೋಗುವಾಗಲೂ ಮನಸ್ಸು ಗಟ್ಟಿ ಇರಲಿಲ್ಲ. ಕುರ್ಚಿ ಹಾಕಿಸಿ, ಚಹಾ ತರಿಸಿದ. ಸೋಮವಾರ ಆಗೋದಿಲ್ಲ ಅಂದೆ. ಅವನು ಅದಕ್ಕೆ ತಯಾರಾಗಿಯೇ ಇದ್ದ. ‘ನಿಮ್ಮ ಭಕ್ತಿಗೆ ನಾ ಅಡ್ಡ ಬರೋದಿಲ್ಲ. ಸೋಮವಾರ ಮಷಿನ್ ಬಂದ್ ಇಡ್ರಿ. ದಾರ, ಬಟನ್, ಪ್ಯಾಕಿಂಗ್ ಅಷ್ಟ ನಡೀಲಿ. ನೀವು ಮನ್ಯಾಗ ಹಂಗ ಮಾಡ್ತೀರಲ್ಲ’ ಅಂದ.

‘ಇನ್ಮ್ಯಾಲೆ ಅದೂ ಇಲ್ಲಪ್ಪಾ’ ಅಂದೆ.

ಅವನು ನಕ್ಕ. ‘ಏನ್ ಯಕ್ಕಾ, ಮಷಿನ್ ಓಡಸಬ್ಯಾಡ ಅಂತ ಬಸವಣ್ಣ ಅಂದಾನ, ಒಪ್ಪಿದೆ. ದಾರ ಕತ್ತರಸಬ್ಯಾಡ ಅಂತ ಯಾವಾಗ ಅಂದ?’

ಆಗ ನನ್ನ ಅವ್ವ ನೆನಪಾದಳು. ನಮ್ಮಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಸವಣ್ಣನ ವಾರ. ಒಳ್ಳೆ ಹದ ಬಿದ್ದು ಊರೆಲ್ಲ ಬಿತ್ತಲು ಹೊರಟರೂ ಅವನು ಎತ್ತು ಹೂಡಲಿಲ್ಲ. ಆ ಮಾತನ್ನು ನಾನು ನಿನಗೆ ಹತ್ತು ಸಲ ಹೇಳಿದ್ದೇನೆ. ಅದಕ್ಕೇ ನಮ್ಮ ಮಷಿನ್ ಸೋಮವಾರ ಓಡುವುದಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದೇನೆ. ಆದರೆ ಸೋಮವಾರ ಎತ್ತಿನ ಮೈ ತೊಳೆಯುತ್ತಿದ್ದರಲ್ಲ, ಆ ನೀರು ಹೊತ್ತು ತರುತ್ತಿದ್ದವಳು ಅವ್ವ. ಭಾವಿಯಿಂದ ಹದಿನೈದು ಕೊಡ. ಉಳಿದ ದಿನಕ್ಕಿಂತ ಸೋಮವಾರವೇ ಆಕೆಗೆ ಕೆಲಸ ಹೆಚ್ಚು. ಇದನ್ನು ನಾನು ಕಣ್ಣಾರೆ ನೋಡುತ್ತ ಬೆಳೆದವಳು. ಐವತ್ತು ವರ್ಷ ಎತ್ತಿನ ಮಾತನ್ನೇ ಹೇಳಿದೆ, ಅವ್ವನ ಕೊಡದ ಮಾತನ್ನು ಒಂದು ದಿನವೂ ಹೇಳಲಿಲ್ಲ.

ಸಿದ್ದಲಿಂಗೇಶನಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಅಂದಿರಬೇಕಪ್ಪಾ, ನಾ ಅರ್ಧ ಅಷ್ಟ ಕೇಳಿಸ್ಕಂಡಿದ್ದೆ’ ಅಂದೆ. ಅವನು ಚಹಾದ ಕಪ್ಪು ಕೆಳಗಿಟ್ಟು, ‘ಶೆಡ್ಡಿಗೆ ಬ್ಯಾರೆಯವರನ್ನ ನೋಡ್ತೀನ್ರಿ. ಈಗಿನ ಲಾಟ್ ಏನು ಬರ್ತಾವೋ ಅವು ಬರ್ತಾವ’ ಅಂದ. ಮರ್ಯಾದೆಯಿಂದಲೇ ಅಂದ. ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಸಮಾಧಾನ ಆಯಿತು ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಆ ಕಿಟಕಿಗಳು ಈಗಲೂ ಕಣ್ಣಿಗೆ ಕಟ್ಟಿವೆ. ನಿನ್ನ ಮಾವ ಒಂದು ಮಷಿನ್ ಇಟ್ಟು ಈ ಓಣಿಯಲ್ಲಿ ಶುರು ಮಾಡಿದವರು. ಅವರು ಹೋದ ಮೇಲೆ ಒಂದನ್ನು ಹತ್ತು ಮಾಡಿದವಳು ನಾನು. ಹತ್ತನ್ನು ಮೂವತ್ತು ಮಾಡಬೇಕು ಅನ್ನುವ ಆಸೆ ಒಂದು ದಿನದಲ್ಲಿ ಹೋಗುವುದಿಲ್ಲ. ನಿನ್ನ ಸಲುವಾಗಿ ಬಿಟ್ಟೆ ಎಂದು ನಿನ್ನ ತಲೆಗೆ ಕಟ್ಟುವುದಿಲ್ಲ. ನನ್ನ ಹಾಳೆಯಲ್ಲಿ ನಾನೇ ಹೊಡೆದು ಹಾಕಿದ್ದು ಅದು.

ಈಗ ನಿನ್ನ ಮಾತು. ಮೇಡಂ ಬರೆಯಿರಿ ಅಂದದ್ದನ್ನು ಬರೆಯುತ್ತೇನೆ.

ಮನೆಯ ಕಡೆ. ನೀನು ಈ ಮನೆಯ ಸೊಸೆ. ಕೆಲಸಕ್ಕೆ ಕೆಳಗೆ ಇಳಿದರೂ ಸರಿ, ಇಳಿಯದಿದ್ದರೂ ಸರಿ. ಸೋಮವಾರ ನಿನ್ನದು. ಸಿರುಗುಪ್ಪಕ್ಕೆ ಹೋಗು, ಮಲಗು, ಹಂಪೇಶನ ಜೊತೆ ತಿರುಗಾಡು, ನನ್ನನ್ನು ಕೇಳಬೇಡ. ನಿಮ್ಮ ಅಪ್ಪ ಅವ್ವ ಬಂದರೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುವವಳು ನಾನು. ಮಗುವಿನ ಮಾತನ್ನು ಹಾಳೆಯಲ್ಲಿ ಬರೆದಿದ್ದೆ, ಅದು ನಿಮ್ಮಿಬ್ಬರ ಹಾಳೆಗೆ ಸೇರಿದ್ದು, ಹೊಡೆದಿದ್ದೇನೆ.

ಕಾರ್ಖಾನೆಯ ಕಡೆ. ನಿನಗೆ ಆ ಕೆಲಸದ ಮೇಲೆ ಮನಸ್ಸಿದ್ದರೆ ಮಾಸ್ಟರ್ ಅಂತ ಬಾ, ಮನೆಯಾಕೆ ಅಂತ ಬೇಡ. ಬೇರೆ ಮಾಸ್ಟರಿಗೆ ಏನು ಕೊಡುತ್ತಾರೋ ಅದು ನಿನಗೂ. ಆರು ಗಂಟೆಗೆ ನೀನೂ ಸೆರಗು ಕೊಡವಿಕೊಂಡು ಏಳು. ಲಾಟ್ ಯಾವುದು ಹಿಡಿಯಬೇಕು, ಯಾವುದು ಬೇಡ ಅನ್ನುವುದನ್ನು ಇಬ್ಬರೂ ಕೂತು ಗೊತ್ತು ಮಾಡೋಣ. ಮನಸ್ಸಿಲ್ಲದಿದ್ದರೆ ನಾನು ಬೇರೆ ಮಾಸ್ಟರನ್ನು ಹುಡುಕುತ್ತೇನೆ. ನಿನ್ನಷ್ಟು ಚೆನ್ನಾಗಿ ಮಾಡುವವರು ಸಿಗುವುದಿಲ್ಲ, ಅದು ನನ್ನ ಕಷ್ಟ. ಅದರ ಸಲುವಾಗಿ ನೀನು ಈ ಮನೆಗೆ ಬರಬೇಕಾಗಿಲ್ಲ.

ಎರಡೂ ಬೇಡ ಅನ್ನಿಸಿದರೆ ಅದನ್ನೂ ಹೇಳು. ಹಂಪೇಶ್ ನಿನ್ನ ಜೊತೆ ಎಲ್ಲಿ ಇರುತ್ತೇನೆಂದರೂ ನಾನು ತಡೆಯುವುದಿಲ್ಲ. ಇದನ್ನು ಬರೆಯಲು ಒಂದು ಗಂಟೆ ತೆಗೆದುಕೊಂಡೆ.

ಇವತ್ತು ಬೆಳಿಗ್ಗೆ ಕುರುಗೋಡಿಗೆ ಹೋಗಿದ್ದೆ. ದೊಡ್ಡಬಸಪ್ಪನ ಮುಂದೆ ಕೈ ಮುಗಿದು, ‘ಮುಂದಿನ ಸೋಮವಾರ ಬರೋದಿಲ್ಲಪ್ಪಾ, ಬೀಗರ ಮನಿಗೆ ಹೋಗೋದೈತಿ’ ಎಂದು ಹೇಳಿ ಬಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ತಪ್ಪುತ್ತಿದೆ. ಅವನೇನೂ ಸಿಟ್ಟಾದಂತೆ ಕಾಣಲಿಲ್ಲ. ಇಪ್ಪತ್ತೆರಡನೇ ತಾರೀಖು ಹತ್ತು ಗಂಟೆಯ ಹೊತ್ತಿಗೆ ಸಿರುಗುಪ್ಪದಲ್ಲಿ ಇಳಿಯುತ್ತೇನೆ. ನಿನ್ನನ್ನು ಕರೆದುಕೊಂಡು ಹೋಗಲು ಅಲ್ಲ. ಬೀಗರಿಗೆ ಆ ಫೋನಿನ ಮಾತಿಗೆ ಎದುರಿಗೆ ಕೂತು ತಪ್ಪಾಯಿತು ಅನ್ನಬೇಕು. ಅಂಬಮ್ಮನವರು ಅಕ್ಕಿ ಆರಿಸುತ್ತಿದ್ದರೆ ನನ್ನ ಮುಂದೂ ಒಂದು ಮೊರ ಇಡಲಿ. ಜಮಖಾನೆ ಹಾಸಬೇಡಿ. ಬರುವುದು ಬೇಡ ಅನ್ನಿಸಿದರೆ ಹಂಪೇಶನಿಗೆ ಒಂದು ಮಾತು ಹೇಳು, ಬಸ್ ಹತ್ತುವುದಿಲ್ಲ.

ಈ ಕಾಗದವನ್ನು ಬೀಗರಿಗೆ ಓದಿ ಹೇಳಬೇಡ. ಈಗ ಕಣ್ಣು ಕಾಣುತ್ತವಲ್ಲ, ಅವರೇ ಓದಲಿ.

ಎಲ್ಲರಿಗೂ ನನ್ನ ಶರಣು ಹೇಳು. ಬರೆದದ್ದರಲ್ಲಿ ಒರಟು ಮಾತಿದ್ದರೆ ಅದು ನನ್ನ ನಾಲಿಗೆಯ ರೂಢಿ, ಹೊಟ್ಟೆಯೊಳಗಿನದಲ್ಲ.

ಇಂತಿ ನಿನ್ನ ಅತ್ತೆ,
ಚನ್ನವೀರಮ್ಮ

ತಾ.ಕ.: ಐದು ಹಾಳೆಯ ಕಾಗದಕ್ಕೆ ಇಷ್ಟು ದೊಡ್ಡ ಬಟ್ಟೆಯ ಕವರ್ ಯಾಕೆ ಅಂತ ನಿನಗೆ ಅನ್ನಿಸುತ್ತದೆ. ಇದನ್ನು ತಂದಾಗ ಕಾಗದದ ಜೊತೆಗೆ ಒಂದು ಸ್ಯಾಂಪಲ್ ಪ್ಯಾಂಟನ್ನೂ ಇಡಬೇಕು ಅಂತಿದ್ದೆ. ಹೊಸ ಲಾಟಿನದು, ಮುಂದಿನ ಜೇಬಿನ ಬಾಯಿ ಸುಕ್ಕು ಹೊಡೆಯುತ್ತಿದೆ. ನಾನು ಬಿಚ್ಚಿ ನೋಡಿದೆ, ಗಾದೆಮ್ಮ ನೋಡಿದಳು, ಇಬ್ಬರು ಮಾಸ್ಟರ್‌ಗಳನ್ನು ಕರೆಸಿ ತೋರಿಸಿದೆ, ಯಾರಿಗೂ ತಿಳಿಯುತ್ತಿಲ್ಲ. ನೀನಾದರೆ ಒಂದು ನೋಟದಲ್ಲಿ ಹೇಳುತ್ತಿದ್ದೆ. ಎರಡು ಸಲ ಕವರಿನೊಳಗೆ ಇಟ್ಟೆ, ಎರಡು ಸಲ ತೆಗೆದೆ. ಈಗ ಅದು ಇಲ್ಲಿಯೇ ಟೇಬಲ್ಲಿನ ಮೇಲೆ ಇದೆ, ಕವರಿಗೆ ಅಂಟು ಹಚ್ಚಿದ್ದೇನೆ. ಜೇಬಿನ ಸಲುವಾಗಿ ಫೋನ್ ಮಾಡಬೇಡ. ಬೇರೆ ಏನಾದರೂ ಇದ್ದರೆ ಮಾಡು.